ಹಲ್ಲಿನ ಬೇರಿನಲ್ಲಿ ಕೀವು: ದಂತವೈದ್ಯರ ಕುರ್ಚಿ ಏರುವ ತನಕ ಮಾಡಬೇಕಾದ್ದು, ಮಾಡಬಾರದ್ದು

ಕೀವು ತುಂಬಿದ ಹಲ್ಲಿಗೆ ಮನೆಯಲ್ಲಿ ಮದ್ದಿಲ್ಲ. ಕೀವು ಹೊರಗೆ ಹೋಗಲು ದಾರಿ ಮಾಡಿಕೊಡಬೇಕು, ಅದನ್ನು ದಂತವೈದ್ಯರೇ ಮಾಡಬೇಕು. ಮನೆಯಲ್ಲಿ ನಮ್ಮ ಕೈಲಾಗುವುದು ಇಷ್ಟು: ನೋವನ್ನು ತಡೆಯುವ ಮಟ್ಟಕ್ಕೆ ಇಳಿಸುವುದು, ಊತ ಹರಡುತ್ತಿದೆಯೇ ಎಂದು ಕಾವಲಿರುವುದು, ಇದ್ದದ್ದನ್ನು ಇನ್ನಷ್ಟು ಕೆಡಿಸದಿರುವುದು. ಇದು ಒಂದು ರಾತ್ರಿಗೆ, ಹೆಚ್ಚೆಂದರೆ ಒಂದು ಭಾನುವಾರ ದಾಟಿಸುವುದಕ್ಕೆ ಬೇಕಾದ ಮಾಹಿತಿ. ವಾರಗಟ್ಟಲೆ ತಳ್ಳುವುದಕ್ಕಲ್ಲ.

ಎಲ್ಲಕ್ಕಿಂತ ಮೊದಲು: ಇದು ಆಸ್ಪತ್ರೆಗೆ ಓಡಬೇಕಾದ ಹೊತ್ತೇ?

ಕನ್ನಡಿ ಮುಂದೆ ನಿಂತು ಬಾಯಿ ತೆರೆಯಿರಿ. ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ಇಟ್ಟು ಮುಂದಿನ ಹಲ್ಲುಗಳ ನಡುವೆ ತೂರಿಸಲು ಆಗಬೇಕು. ಎರಡು ಬೆರಳೂ ಹೋಗುತ್ತಿಲ್ಲ ಎಂದರೆ ಸೋಂಕು ದವಡೆಯ ಸ್ನಾಯುಗಳ ಹತ್ತಿರ ಹೋಗಿರಬಹುದು. ಆಮೇಲೆ ನಾಲಿಗೆ ಎತ್ತಿ ಅದರ ಕೆಳಭಾಗ ನೋಡಿ. ಅಲ್ಲಿ ಗಟ್ಟಿಯಾಗಿ ಊದಿ ನಾಲಿಗೆಯನ್ನೇ ಮೇಲಕ್ಕೆ ತಳ್ಳುತ್ತಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ.

ಕೆಳಗಿನವುಗಳಲ್ಲಿ ಒಂದಿದ್ದರೂ ಮಾತ್ರೆ, ಲವಂಗ ಎಲ್ಲ ಬಿಟ್ಟು 108ಕ್ಕೆ ಕರೆ ಮಾಡಿ, ಇಲ್ಲವೇ ತುರ್ತು ವಿಭಾಗವಿರುವ ದೊಡ್ಡ ಆಸ್ಪತ್ರೆಗೆ ಹೋಗಿ:

- ಉಸಿರಾಡಲು ಕಷ್ಟ, ಎಂಜಲು ನುಂಗಲಾಗದೆ ಜೊಲ್ಲು ಸುರಿಯುವುದು, ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡು ಮಾತಾಡಿದಂಥ ದನಿ
- ಊತ ಗದ್ದದ ಕೆಳಗೆ, ಕುತ್ತಿಗೆಗೆ ಇಳಿಯುತ್ತಿರುವುದು
- ಊತ ಕಣ್ಣಿನ ಸುತ್ತ ಏರಿ ರೆಪ್ಪೆ ಮುಚ್ಚುತ್ತಿರುವುದು, ದೃಷ್ಟಿ ಮಂಜಾಗುವುದು
- ಹಲ್ಲುನೋವಿನ ಜೊತೆ 101 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ, ಚಳಿ ನಡುಕ, ಸುಮ್ಮನೆ ಕೂತಿದ್ದರೂ ನಿಮಿಷಕ್ಕೆ 100ಕ್ಕಿಂತ ಹೆಚ್ಚು ನಾಡಿ ಬಡಿತ
- ಮಂಪರು, ಗೊಂದಲ, ಮಾತು ತೊದಲುವುದು

ನಾಲಿಗೆಯ ಕೆಳಗೆ ಎರಡೂ ಬದಿ ಊದಿಕೊಳ್ಳುವ ಸ್ಥಿತಿಗೆ ಲುಡ್ವಿಗ್ಸ್ ಆಂಜೈನಾ ಎನ್ನುತ್ತಾರೆ. 1836ರಲ್ಲಿ ಇದನ್ನು ವಿವರಿಸಿದ ಜರ್ಮನ್ ವೈದ್ಯ ಲುಡ್ವಿಗ್ ಹೆಸರೇ ಅದಕ್ಕೆ ಉಳಿದಿದೆ. ಹೃದಯಕ್ಕೂ ಇದಕ್ಕೂ ಸಂಬಂಧವಿಲ್ಲ. ಕೆಳದವಡೆಯ ಕೊನೆಯ ಎರಡು ಹಲ್ಲುಗಳಿಂದಲೇ ಇದು ಹೆಚ್ಚಾಗಿ ಶುರುವಾಗುತ್ತದೆ, ಯಾಕೆಂದರೆ ಅವುಗಳ ಬೇರಿನ ತುದಿ ಬಾಯಿಯ ತಳದ ಸ್ನಾಯುವಿಗಿಂತಲೂ ಕೆಳಗಿರುತ್ತದೆ. ಕೀವು ಅಲ್ಲಿಂದ ನೇರ ಕುತ್ತಿಗೆಯ ಕಡೆ ಇಳಿಯುತ್ತದೆ, ಗಂಟೆಗಳಲ್ಲೇ ಉಸಿರಿನ ದಾರಿ ಮುಚ್ಚಬಹುದು. ಇಂಥವರನ್ನು ಕಾರಿನಲ್ಲಿ ಅಂಗಾತ ಮಲಗಿಸಿ ಒಯ್ಯಬೇಡಿ, ನೆಟ್ಟಗೆ ಕೂರಿಸಿಯೇ ಕರೆದೊಯ್ಯಿರಿ. ಬೀದಿ ತುದಿಯ ಡೆಂಟಲ್ ಕ್ಲಿನಿಕ್ಕಿನಲ್ಲಿ ಉಸಿರಿನ ನಾಳಕ್ಕೆ ಕೊಳವೆ ಹಾಕುವ ವ್ಯವಸ್ಥೆ ಇರುವುದಿಲ್ಲ, ಅಲ್ಲಿಗೆ ಹೋಗಿ ಸಮಯ ಕಳೆಯಬಾರದು.

ಒಳಗೆ ಆಗುತ್ತಿರುವುದೇನು

ಹುಳುಕು ಹಲ್ಲು ಎಂಬ ಮಾತಿನಲ್ಲಿ ಹುಳ ಇದೆ, ಹಲ್ಲಿನಲ್ಲಿ ಇಲ್ಲ. ಬ್ಯಾಕ್ಟೀರಿಯಾಗಳು ಸಕ್ಕರೆ ತಿಂದು ಆಮ್ಲ ಬಿಡುತ್ತವೆ, ಆಮ್ಲ ಹಲ್ಲಿನ ಗಟ್ಟಿ ಹೊರಪದರವನ್ನು ಕರಗಿಸುತ್ತದೆ. ತೂತು ಒಳಗಿನ ತಿರುಳನ್ನು ಮುಟ್ಟುವವರೆಗೆ ತಣ್ಣೀರಿಗೆ ಜುಂ ಎಂದು ಎರಡು ಸೆಕೆಂಡಿನಲ್ಲಿ ಹೋಗುತ್ತದೆ. ಮುಟ್ಟಿದ ಮೇಲೆ, ಬಿಸಿ ಕಾಫಿ ಕುಡಿದು ಲೋಟ ಕೆಳಗಿಟ್ಟರೂ ನೋವು ನಿಲ್ಲುವುದಿಲ್ಲ. ತಿರುಳಿನಲ್ಲಿ ನರವೂ ರಕ್ತನಾಳವೂ ಇವೆ. ಅದು ಊದಲು ಜಾಗವಿಲ್ಲ, ಸುತ್ತಲೂ ಗಟ್ಟಿ ಗೋಡೆ. ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ಏರುವುದರಿಂದ ನೋವು ಟಕ್ ಟಕ್ ಎಂದು ಮಿಡಿಯುತ್ತದೆ. ಹಲ್ಲುನೋವು ರಾತ್ರಿಯೇ ಕಾಡುವುದಕ್ಕೆ ಇದೊಂದು ಕಾರಣ.

ಇನ್ನು ಮೋಸ ಹೋಗುವ ಹಂತ. ಎರಡು ಮೂರು ದಿನ ಪ್ರಾಣ ಹಿಂಡಿದ ನೋವು ಒಮ್ಮೆಲೇ ನಿಂತುಬಿಡುತ್ತದೆ. ಜನ ವಾಸಿಯಾಯಿತೆಂದು ಅಪಾಯಿಂಟ್‌ಮೆಂಟ್ ರದ್ದು ಮಾಡುತ್ತಾರೆ. ಅಲ್ಲಿ ಸತ್ತಿರುವುದು ತಿರುಳು, ಸೋಂಕಲ್ಲ. ಸೋಂಕು ಬೇರಿನ ತುದಿಯ ರಂಧ್ರದಿಂದ ಆಚೆ ಎಲುಬಿಗೆ ಇಳಿದು ಕೀವು ಕಟ್ಟುತ್ತದೆ. ಆಗ ಬಿಸಿ ತಣ್ಣಗಿಗೆ ಏನೂ ಅನ್ನಿಸುವುದಿಲ್ಲ, ಆದರೆ ಕಚ್ಚಿದರೆ ಸಾಕು ಜೀವ ಹೋಗುತ್ತದೆ. ಹಲ್ಲು ಉಳಿದವುಗಳಿಗಿಂತ ಎತ್ತರಕ್ಕೆ ಎದ್ದು ನಿಂತಂತೆ ಅನ್ನಿಸುತ್ತದೆ. ವಸಡಿನಲ್ಲಿ ಮೊಡವೆಯಂಥ ಗುಳ್ಳೆ, ಬಾಯಲ್ಲಿ ಆಗಾಗ ಉಪ್ಪುಪ್ಪಾದ ಕೆಟ್ಟ ರುಚಿ, ಕೆನ್ನೆ ಊತ ಇವೆಲ್ಲ ಈ ಹಂತದ ಗುರುತುಗಳು.

ಒಂದು ಎಚ್ಚರ: ದವಡೆನೋವೆಲ್ಲ ಹಲ್ಲಿನದ್ದಲ್ಲ. ನೆಗಡಿಯಾಗಿ ಮೇಲಿನ ಹಿಂದಿನ ಹಲ್ಲುಗಳು ಸಾಲಾಗಿ ನೋಯುತ್ತಿದ್ದು, ಬಗ್ಗಿದರೆ ಹೆಚ್ಚುತ್ತಿದ್ದರೆ ಸೈನಸ್ ಇರಬಹುದು. ಮೆಟ್ಟಿಲು ಹತ್ತಿದಾಗ ಕೆಳದವಡೆ ಹಿಂಡುತ್ತಿದ್ದು, ಬೆವರು, ಎದೆಭಾರ ಜೊತೆಗಿದ್ದರೆ ಅದು ಹೃದಯದ್ದು. ಹಲ್ಲಿನ ಮಾತ್ರೆ ನುಂಗಿ ಮಲಗಬೇಡಿ, ಇಸಿಜಿ ಮಾಡಿಸಿ.

ಒಂದು: ಸಿಕ್ಕಿಕೊಂಡದ್ದನ್ನು ತೆಗೆಯಿರಿ

ಅರ್ಧಕ್ಕರ್ಧ ನೋವು ಕೆಲವೊಮ್ಮೆ ಹಲ್ಲಿನ ಸಂದಿಯಲ್ಲಿ ಕೂತ ಮಾಂಸದ ನಾರಿನದ್ದೋ ಅಡಿಕೆ ಚೂರಿನದ್ದೋ ಆಗಿರುತ್ತದೆ. ಉಗುರು ಬೆಚ್ಚಗಿನ ನೀರಿನಲ್ಲಿ ಜೋರಾಗಿ ಮುಕ್ಕಳಿಸಿ. ಆಮೇಲೆ ಹಲ್ಲಿನ ಫ್ಲಾಸ್ ಇದ್ದರೆ ಸಂದಿಗೆ ಇಳಿಸಿ ಮೇಲಕ್ಕೆಳೆಯಿರಿ. ಪಿನ್ನು, ಸೂಜಿ, ಪೊರಕೆ ಕಡ್ಡಿ ಬೇಡ. ತೂತಿನೊಳಗೆ ಚುಚ್ಚಿದರೆ ತಿರುಳಿಗೇ ಗಾಯವಾಗುತ್ತದೆ. ನೋವಿದೆಯೆಂದು ಹಲ್ಲುಜ್ಜುವುದನ್ನು ಬಿಡಬೇಡಿ, ಮೃದು ಬ್ರಷ್‌ನಲ್ಲಿ ಮೆಲ್ಲಗೆ ಉಜ್ಜಿ.

ಎರಡು: ಉಪ್ಪುನೀರು

ಒಂದು ಲೋಟ, ಅಂದರೆ ಸುಮಾರು 200 ಮಿಲಿ ಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು. ಒಂದು ಗುಟುಕು ಬಾಯಿಗೆ ಹಾಕಿ ನೋವಿರುವ ಕಡೆ ತಲೆ ವಾಲಿಸಿ 30 ಸೆಕೆಂಡು ಹಿಡಿದಿಟ್ಟು ಉಗಿಯಿರಿ. ಲೋಟ ಮುಗಿಯುವವರೆಗೆ ಹೀಗೆ, ದಿನಕ್ಕೆ ನಾಲ್ಕೈದು ಸಲ, ಊಟದ ನಂತರ ತಪ್ಪದೆ. ಉಪ್ಪು ಹೆಚ್ಚು ಹಾಕಿದರೆ ಗುಣವೇನೂ ಹೆಚ್ಚುವುದಿಲ್ಲ, ವಸಡು ಉರಿಯುತ್ತದೆ ಅಷ್ಟೆ. ಕುದಿಯುವಷ್ಟು ಬಿಸಿಯೂ ಬೇಡ.

ಮನೆಯಲ್ಲಿ 0.2 ಶೇಕಡಾ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಇದ್ದರೆ 10 ಮಿಲಿಯನ್ನು ದಿನಕ್ಕೆರಡು ಸಲ ಬಳಸಬಹುದು. ಪೇಸ್ಟ್ ಹಾಕಿ ಉಜ್ಜಿದ ಅರ್ಧ ಗಂಟೆಯ ನಂತರ ಬಳಸಿ. ಕೂಡಲೇ ಬಳಸಿದರೆ ಪೇಸ್ಟಿನ ನೊರೆ ಅದರ ಶಕ್ತಿ ಕುಗ್ಗಿಸುತ್ತದೆ. ಆದರೆ ಯಾವ ಮುಕ್ಕಳಿಕೆಯೂ ಬೇರಿನ ತುದಿಗೆ ತಲುಪುವುದಿಲ್ಲ, ಇದು ಬಾಯಿಯ ಶುಚಿಗೆ.

ಮೂರು: ಊತಕ್ಕೆ ತಂಪು, ಶಾಖವಲ್ಲ

ನಮ್ಮ ಮನೆಗಳಲ್ಲಿ ಕೆನ್ನೆ ಊದಿದರೆ ಬಾಣಲೆಯಲ್ಲಿ ಉಪ್ಪು ಹುರಿದು, ಬಟ್ಟೆಗೆ ಕಟ್ಟಿ ಶಾಖ ಕೊಡುವುದು ರೂಢಿ. ಕೀವಿನ ಊತಕ್ಕೆ ಇದು ತಪ್ಪು. ಹೊರಗಿನ ಬಿಸಿ ರಕ್ತಸಂಚಾರ ಹೆಚ್ಚಿಸಿ ಊತವನ್ನು ಏರಿಸುತ್ತದೆ. ಕೀವು ಬಾಯೊಳಗೆ ಒಡೆಯುವ ಬದಲು ಕೆನ್ನೆಯ ಚರ್ಮದ ಕಡೆ ಬಾಯಿ ಮಾಡಿಕೊಂಡರೆ ಮುಖದ ಮೇಲೆ ಕಲೆ ಖಾಯಂ.

ಐಸ್ ತುಂಡುಗಳನ್ನು ತೆಳು ಟವೆಲ್ಲಿನಲ್ಲಿ ಸುತ್ತಿ ಕೆನ್ನೆಯ ಹೊರಗೆ 15 ನಿಮಿಷ ಇಡಿ, 15-20 ನಿಮಿಷ ಬಿಡಿ, ಮತ್ತೆ ಇಡಿ. ಐಸ್ ನೇರವಾಗಿ ಚರ್ಮಕ್ಕೆ ತಾಗಬಾರದು, ಬಾಯೊಳಗೆ ಹಲ್ಲಿನ ಮೇಲಂತೂ ಬೇಡವೇ ಬೇಡ.

ಇದರ ಜೊತೆಗೊಂದು ಸುಲಭ ಉಪಾಯ: ಬಾಲ್‌ಪಾಯಿಂಟ್ ಪೆನ್ನಿನಲ್ಲಿ ಊತದ ಅಂಚನ್ನು ಚರ್ಮದ ಮೇಲೆ ಗುರುತು ಮಾಡಿ, ಫೋನಿನಲ್ಲಿ ಫೋಟೊ ತೆಗೆದಿಡಿ. ನಾಲ್ಕು ಗಂಟೆಯ ನಂತರ ಊತ ಗೆರೆ ದಾಟಿದ್ದರೆ ಸೋಂಕು ಹರಡುತ್ತಿದೆ ಎಂದರ್ಥ, ಅಪಾಯಿಂಟ್‌ಮೆಂಟಿಗೆ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಿ. "ನಿನ್ನೆಗಿಂತ ಜಾಸ್ತಿ ಅನ್ಸುತ್ತೆ" ಎನ್ನುವುದಕ್ಕಿಂತ ಈ ಗೆರೆ ವೈದ್ಯರಿಗೂ ಹೆಚ್ಚು ಉಪಯೋಗ.

ನಾಲ್ಕು: ನೋವಿನ ಮಾತ್ರೆ, ಲೆಕ್ಕ ಹಾಕಿ

ಹೆಚ್ಚು ಎಡವಟ್ಟಾಗುವುದು ಇಲ್ಲಿಯೇ. ಹಲ್ಲುನೋವಿಗೆ ಚೆನ್ನಾಗಿ ಕೆಲಸ ಮಾಡುವುದು ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್ ಜೋಡಿ. ಒಂದು ಊತವಿರುವ ಜಾಗದಲ್ಲೇ ಕೆಲಸ ಮಾಡುತ್ತದೆ, ಇನ್ನೊಂದು ಮುಖ್ಯವಾಗಿ ಮೆದುಳಿನ ಮಟ್ಟದಲ್ಲಿ. ಎರಡೂ ಸೇರಿದರೆ ಯಾವ ಒಂದರ ಡಬಲ್ ಡೋಸಿಗಿಂತಲೂ ವಾಸಿ. ಕಾಂಬಿಫ್ಲಾಮ್ ಮಾತ್ರೆಯಲ್ಲಿ 400 ಮಿಗ್ರಾಂ ಐಬುಪ್ರೊಫೆನ್, 325 ಮಿಗ್ರಾಂ ಪ್ಯಾರಾಸಿಟಮಾಲ್ ಒಟ್ಟಿಗೇ ಇವೆ.

ಬೇರೆ ಕಾಯಿಲೆಯಿಲ್ಲದ, 50 ಕೆಜಿಗಿಂತ ಹೆಚ್ಚು ತೂಕದ ವಯಸ್ಕರಿಗೆ ಒಂದು ದಿನದ ಲೆಕ್ಕ ಹೀಗಿಡಬಹುದು:

- ಬೆಳಿಗ್ಗೆ 7, ಮಧ್ಯಾಹ್ನ 3, ರಾತ್ರಿ 11: ಆ ಜೋಡಿ ಮಾತ್ರೆ ಒಂದೊಂದು, ಏನಾದರೂ ತಿಂದ ಮೇಲೆ
- ನಡುವೆ ತಡೆಯಲಾಗದಿದ್ದರೆ ಮಾತ್ರ ಬೆಳಿಗ್ಗೆ 11 ಮತ್ತು ಸಂಜೆ 7ಕ್ಕೆ: ಬರೀ ಪ್ಯಾರಾಸಿಟಮಾಲ್ 500

ಒಟ್ಟು ಐಬುಪ್ರೊಫೆನ್ 1200 ಮಿಗ್ರಾಂ, ಪ್ಯಾರಾಸಿಟಮಾಲ್ 1975 ಮಿಗ್ರಾಂ ಆಯಿತು. ಸ್ವಂತ ಜವಾಬ್ದಾರಿಯಲ್ಲಿ ಐಬುಪ್ರೊಫೆನ್ 1200 ದಾಟಬಾರದು. ಪ್ಯಾರಾಸಿಟಮಾಲಿಗೆ 3000 ಮಿಗ್ರಾಂ ಸುರಕ್ಷಿತ ಗಡಿ ಎಂದಿಟ್ಟುಕೊಳ್ಳಿ, ದಿನಾ ಕುಡಿಯುವವರು, ಲಿವರ್ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ನುಂಗಿದ ಸಮಯವನ್ನು ಚೀಟಿಯಲ್ಲಿ ಬರೆದಿಡಿ. ನಿದ್ದೆಗೆಟ್ಟ ರಾತ್ರಿ ಎರಡು ಗಂಟೆಗೆ, ಹಿಂದಿನ ಮಾತ್ರೆ ಎಷ್ಟು ಹೊತ್ತಿಗೆ ತಗೊಂಡೆ ಎಂಬುದು ಯಾರಿಗೂ ನೆನಪಿರುವುದಿಲ್ಲ.

ಎಡವಟ್ಟು ಹೇಗಾಗುತ್ತದೆಂದರೆ: ಬೆಳಿಗ್ಗೆ ಕಾಂಬಿಫ್ಲಾಮ್, ಮಧ್ಯಾಹ್ನ ಮೆಡಿಕಲ್ ಶಾಪಿನವರು ಕೊಟ್ಟ ಕೆಟೊರಾಲ್ ಡಿಟಿ, ರಾತ್ರಿ ಪಕ್ಕದ ಮನೆಯವರು ಕೊಟ್ಟ ಝೀರೋಡಾಲ್-ಪಿ, ಜ್ವರ ಬಂದಂತಿದೆ ಎಂದು ಡೋಲೋ 650. ಮೊದಲ ಮೂರರಲ್ಲಿ ಇರುವ ಐಬುಪ್ರೊಫೆನ್, ಕೆಟೊರೊಲಾಕ್, ಅಸೆಕ್ಲೊಫೆನಾಕ್ ಒಂದೇ ಜಾತಿಯವು. ಬೆರೆಸಿದರೆ ನೋವು ಹೆಚ್ಚು ಇಳಿಯುವುದಿಲ್ಲ, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಬರುವ, ಕಿಡ್ನಿ ಕೆಡುವ ಅಪಾಯ ಮಾತ್ರ ಹೆಚ್ಚುತ್ತದೆ. ಪ್ಯಾರಾಸಿಟಮಾಲ್ ಮೂರು ಕಡೆಯಿಂದ ಸದ್ದಿಲ್ಲದೆ ಸೇರಿಕೊಂಡಿದೆ. ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರನ್ನು ಓದಿ. ಆ ಜಾತಿಯದು ಒಂದೇ ಇರಲಿ.

ಐಬುಪ್ರೊಫೆನ್ ಜಾತಿಯ ಮಾತ್ರೆ ಯಾರಿಗೆ ಬೇಡ: ಹೊಟ್ಟೆಹುಣ್ಣು ಇದ್ದವರು, ಕಿಡ್ನಿ ಅಥವಾ ಹೃದಯ ವೈಫಲ್ಯ ಇರುವವರು, ರಕ್ತ ತೆಳುಮಾಡುವ ಔಷಧದಲ್ಲಿರುವವರು, ಆಸ್ಪಿರಿನ್‌ಗೆ ಉಬ್ಬಸ ಬರುವವರು, ಗರ್ಭಿಣಿಯರು. ಬಿಪಿಗೆ ಟೆಲ್ಮಿಸಾರ್ಟಾನ್ ಥರದ ಮಾತ್ರೆ ಮತ್ತು ನೀರಿಳಿಸುವ ಮಾತ್ರೆ ಎರಡನ್ನೂ ತೆಗೆದುಕೊಳ್ಳುವ ಹಿರಿಯರಿಗೆ ಮೂರನೆಯದಾಗಿ ಇದೂ ಸೇರಿದರೆ ಕಿಡ್ನಿಗೆ ದೊಡ್ಡ ಹೊರೆ. ಮಳೆಗಾಲದಲ್ಲಿ ಜ್ವರವೂ ಇದ್ದು ಡೆಂಗಿ ಶಂಕೆಯಿದ್ದರೂ ಬೇಡ, ರಕ್ತಸ್ರಾವದ ಭಯವಿದೆ. ಇವರಿಗೆಲ್ಲ ಪ್ಯಾರಾಸಿಟಮಾಲ್ ಒಂದೇ ದಾರಿ.

ಮಾತ್ರೆಯನ್ನು ನುಂಗಬೇಕು. ಆಸ್ಪಿರಿನ್ ಪುಡಿ ಮಾಡಿ ವಸಡಿಗೆ ಒತ್ತಿಟ್ಟುಕೊಂಡರೆ ಅದು ಆಮ್ಲ, ಚರ್ಮ ಬೆಳ್ಳಗೆ ಸುಟ್ಟು ಸುಲಿಯುತ್ತದೆ.

ಐದು: ಲವಂಗದ ಎಣ್ಣೆ

ಅಜ್ಜಿಯರು ಹೇಳಿದ್ದರಲ್ಲಿ ಇದು ನಿಜ. ಲವಂಗದಲ್ಲಿರುವ ಯುಜೆನಾಲ್ ನರವನ್ನು ಮರಗಟ್ಟಿಸುತ್ತದೆ, ದಂತವೈದ್ಯರ ತಾತ್ಕಾಲಿಕ ಸಿಮೆಂಟಿನಲ್ಲೂ ಅದೇ ಇರುತ್ತದೆ. ಕಡಲೆಕಾಳಿನ ಗಾತ್ರದ ಹತ್ತಿಯುಂಡೆಗೆ ಒಂದೇ ಹನಿ ಎಣ್ಣೆ, ಹೆಚ್ಚಾದದ್ದನ್ನು ಒಣ ಹತ್ತಿಗೆ ಒರೆಸಿ, ಹುಳುಕಿನ ಗುಳಿಯೊಳಗಿಟ್ಟು ಐದು ನಿಮಿಷಕ್ಕೆ ತೆಗೆಯಿರಿ. ವಸಡಿಗೆ, ನಾಲಿಗೆಗೆ ಸುರಿದರೆ ಸುಡುತ್ತದೆ. ಎಣ್ಣೆ ಇಲ್ಲದಿದ್ದರೆ ಒಂದು ಲವಂಗವನ್ನು ಮೆತ್ತಗಾಗುವಂತೆ ಜಗಿದು ಆ ಹಲ್ಲಿನ ಬಳಿ ಇಟ್ಟುಕೊಳ್ಳಿ. ಚಿಕ್ಕ ಮಕ್ಕಳಿಗೆ ಈ ಎಣ್ಣೆ ಬೇಡ, ಸ್ವಲ್ಪ ನುಂಗಿದರೂ ಅವರಿಗೆ ವಿಷವಾಗಬಹುದು. ತಿರುಳು ಸತ್ತು ಕೀವು ಎಲುಬಿನಲ್ಲಿ ಕೂತ ಮೇಲೆ ಲವಂಗಕ್ಕೆ ಕೆಲಸವಿಲ್ಲ. ಮರಗಟ್ಟಿಸಲು ಅಲ್ಲಿ ನರವೇ ಉಳಿದಿಲ್ಲ.

ಆರು: ರಾತ್ರಿ ಕಳೆಯುವುದು

ಎರಡು ಮೂರು ದಿಂಬಿಟ್ಟು ತಲೆ ಎತ್ತರಕ್ಕಿಟ್ಟು ಮಲಗಿ, ಇನ್ನೊಂದು ಮಗ್ಗುಲಿಗೆ. ಊಟಕ್ಕೆ ರಾಗಿ ಅಂಬಲಿ, ಗಂಜಿ, ಮೊಸರನ್ನ, ಮೆತ್ತಗಿನ ಇಡ್ಲಿ. ಬಿಸಿಯೂ ಅಲ್ಲದ ತಣ್ಣಗೂ ಅಲ್ಲದ ಹದದಲ್ಲಿ, ಇನ್ನೊಂದು ಬದಿಯಲ್ಲಿ ಅಗಿಯಿರಿ. ನೀರು ಚೆನ್ನಾಗಿ ಕುಡಿಯಿರಿ. ನೋವು ಮರೆಯಲೆಂದು ಕುಡಿಯುವುದು, ಬೀಡಿ ಸೇದುವುದು ಎರಡೂ ಬೇಡ. ನೋವಿನ ಮಾತ್ರೆಯ ಜೊತೆ ಮದ್ಯ ಸೇರಿದರೆ ಹೊಟ್ಟೆಗೂ ಲಿವರಿಗೂ ಪೆಟ್ಟು.

ಆಂಟಿಬಯೋಟಿಕ್ ತಗೊಂಡ್ರೆ ಆಗಲ್ವಾ?

ಆಗುವುದಿಲ್ಲ, ಒಂಟಿಯಾಗಿ. ಔಷಧ ರಕ್ತದಲ್ಲಿ ಪ್ರಯಾಣ ಮಾಡುತ್ತದೆ. ಸತ್ತ ತಿರುಳಿಗೆ ರಕ್ತ ಹರಿಯುವುದಿಲ್ಲ, ಕೀವಿನ ಚೀಲದೊಳಗೂ ಔಷಧ ಸರಿಯಾಗಿ ಇಳಿಯುವುದಿಲ್ಲ. ಸೋಂಕಿನ ಬುಡ ಹಾಗೇ ಉಳಿದು, ಸುತ್ತಲಿನ ಊತ ಮಾತ್ರ ತಗ್ಗುತ್ತದೆ. ಎರಡು ವಾರದಲ್ಲೋ ಎರಡು ತಿಂಗಳಲ್ಲೋ ಮತ್ತೆ ಬರುತ್ತದೆ. ಅಮೆರಿಕದ ದಂತವೈದ್ಯರ ಸಂಘ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ರೋಗನಿರೋಧಕ ಶಕ್ತಿ ಸರಿಯಿರುವ ವಯಸ್ಕರಿಗೆ, ಜ್ವರವಿಲ್ಲದೆ ಬರೀ ನೋವು ಊತವಿದ್ದರೆ, ಹಲ್ಲಿನ ಚಿಕಿತ್ಸೆ ಮತ್ತು ನೋವಿನ ಮಾತ್ರೆ ಸಾಕು.

ಜ್ವರ, ಹರಡುವ ಊತ, ಕುತ್ತಿಗೆಯಲ್ಲಿ ಗಂಟು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಇದ್ದರೆ ಆಂಟಿಬಯೋಟಿಕ್ ಬೇಕಾಗಬಹುದು. ಆಗಲೂ ಬರೆದುಕೊಡುವುದು ವೈದ್ಯರು. ಸಾಮಾನ್ಯವಾಗಿ ಅಮಾಕ್ಸಿಸಿಲಿನ್ ಬರೆಯುತ್ತಾರೆ, ಪೆನಿಸಿಲಿನ್ ಅಲರ್ಜಿ ಇದ್ದರೆ ಮೊದಲೇ ಹೇಳಿ. ಮೆಟ್ರೊನಿಡಜೋಲ್ ಸೇರಿಸಿದ್ದರೆ ಮದ್ಯ ಮುಟ್ಟಬೇಡಿ. ಹಳೆಯ ಡಬ್ಬಿಯಲ್ಲಿ ಉಳಿದ ನಾಲ್ಕು ಕ್ಯಾಪ್ಸೂಲ್ ನುಂಗುವುದು, ಅಂಗಡಿಯಲ್ಲಿ ಎರಡು ದಿನಕ್ಕೆ ಕೇಳಿ ತರುವುದು ಸೋಂಕನ್ನು ಅರೆಬರೆ ಅಡಗಿಸುತ್ತದೆ, ಜೊತೆಗೆ ಮುಂದೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳನ್ನು ಸಾಕುತ್ತದೆ.

ಗುಳ್ಳೆ ತಾನೇ ಒಡೆದರೆ

ಬಾಯಿ ತುಂಬ ಕೆಟ್ಟ ರುಚಿ, ಹಿಂದೆಯೇ ದೊಡ್ಡ ನೆಮ್ಮದಿ. ಒತ್ತಡ ಇಳಿದದ್ದರಿಂದ ನೋವು ಹೋಯಿತು ಅಷ್ಟೆ. ನುಂಗದೆ ಉಗಿಯಿರಿ, ಎರಡು ಗಂಟೆಗೊಮ್ಮೆ ಉಪ್ಪುನೀರಿನಲ್ಲಿ ಮುಕ್ಕಳಿಸಿ. ಬೆರಳಿನಿಂದ ಹಿಂಡಬೇಡಿ. ಒಡೆಯದ ಗುಳ್ಳೆಯನ್ನು ಸೂಜಿಯಿಂದ ಚುಚ್ಚುವುದಂತೂ ಸಲ್ಲದು, ಕೀವು ಇನ್ನೂ ಆಳದಲ್ಲಿದ್ದರೆ ಹೊಸ ಸೋಂಕನ್ನು ಒಳಗೆ ಕಳಿಸಿದಂತಾಗುತ್ತದೆ.

ಹೊಗೆಸೊಪ್ಪು, ಕಡ್ಡಿಪುಡಿ, ಸುಣ್ಣ, ಸೀಮೆಎಣ್ಣೆ, ಜಜ್ಜಿದ ಹಸಿ ಬೆಳ್ಳುಳ್ಳಿ: ಇವೆಲ್ಲ ವಸಡನ್ನು ಸುಟ್ಟು ಎರಡನೆಯ ಗಾಯ ಮಾಡುತ್ತವೆ. ಬೀಜದ ಹೊಗೆ ಕೊಟ್ಟು ಹಲ್ಲಿನ ಹುಳ ಬೀಳಿಸುತ್ತೇವೆ ಎನ್ನುವವರ ಬಳಿಗೂ ಹೋಗಬೇಡಿ, ಇಲ್ಲದ ಹುಳ ಬೀಳುವುದೆಲ್ಲಿಂದ?

ಮಕ್ಕಳು, ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು

ಮಕ್ಕಳಿಗೆ ಪ್ಯಾರಾಸಿಟಮಾಲ್ ತೂಕದ ಮೇಲೆ: ಕೆಜಿಗೆ 15 ಮಿಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚಿಲ್ಲ. 14 ಕೆಜಿ ಮಗುವಿಗೆ 210 ಮಿಗ್ರಾಂ. ಸಿರಪ್ 5 ಮಿಲಿಗೆ 250 ಮಿಗ್ರಾಂ ಇರುವುದಾದರೆ 4.2 ಮಿಲಿ, 5 ಮಿಲಿಗೆ 120 ಇರುವುದಾದರೆ ಸುಮಾರು 8.7 ಮಿಲಿ. ಎರಡು ಬಾಟಲಿಗಳೂ ನೋಡಲು ಒಂದೇ ಥರ, ಅದಲು ಬದಲಾದರೆ ಡೋಸ್ ಇಮ್ಮಡಿಯಾಗುತ್ತದೆ. ಹಸುಗೂಸುಗಳ ಡ್ರಾಪ್ಸ್ ಇನ್ನೂ ಗಾಢ, ಒಂದು ಮಿಲಿಯಲ್ಲೇ 100 ಮಿಗ್ರಾಂ ಇರಬಹುದು. ಅದನ್ನು ಚಮಚದಲ್ಲಿ ಕುಡಿಸಬೇಡಿ. ಆಸ್ಪಿರಿನ್ ಮಕ್ಕಳಿಗೆ ಕೊಡಬಾರದು. ನಿಮೆಸುಲೈಡ್ ಅನ್ನು 12 ವರ್ಷದೊಳಗಿನವರಿಗೆ ಕೊಡುವುದನ್ನು ಭಾರತದಲ್ಲಿ 2011ರಲ್ಲೇ ನಿಷೇಧಿಸಲಾಗಿದೆ. ಹಾಲು ಹಲ್ಲು ಹೇಗೂ ಬಿದ್ದುಹೋಗುತ್ತದಲ್ಲ ಎಂಬ ಉದಾಸೀನ ಬೇಡ. ಅದರ ಬುಡದಲ್ಲೇ ಖಾಯಂ ಹಲ್ಲು ಬೆಳೆಯುತ್ತಿರುತ್ತದೆ, ಕೀವು ಅದನ್ನೂ ಕೆಡಿಸಬಹುದು. ಮಗುವಿನ ಮುಖ ಊದಿದ್ದರೆ ಅದೇ ದಿನ ತೋರಿಸಿ.

ಗರ್ಭಿಣಿಯರಿಗೆ ಹಲ್ಲಿನ ಚಿಕಿತ್ಸೆ ಮಾಡಿಸಬಾರದು ಎಂಬುದು ಸುಳ್ಳು. ಮರಗಟ್ಟಿಸುವ ಇಂಜೆಕ್ಷನ್ನಿಗಿಂತ ಹರಡುವ ಸೋಂಕೇ ಹೆಚ್ಚು ಅಪಾಯ. ಸಕ್ಕರೆ ಕಾಯಿಲೆಯವರು ಗ್ಲೂಕೋಮೀಟರಿನಲ್ಲಿ ನೋಡಿಕೊಳ್ಳುತ್ತಿರಿ. ಸೋಂಕು ಸಕ್ಕರೆ ಏರಿಸುತ್ತದೆ, ಏರಿದ ಸಕ್ಕರೆ ಸೋಂಕನ್ನು ಬೆಳೆಸುತ್ತದೆ. ಇವರು ನಾಳೆಗೆ ಎಂದಿಡಬಾರದು.

ವೈದ್ಯರ ಬಳಿ ಹೋಗುವಾಗ

ಫೋನ್ ಮಾಡುವಾಗ "ಹಲ್ಲುನೋವು" ಎನ್ನುವ ಬದಲು "ಕೆನ್ನೆ ಊದಿದೆ, ಕೀವು ಇದ್ದಂತಿದೆ" ಎಂದು ಹೇಳಿ, ಬೇಗ ಕರೆಯುತ್ತಾರೆ. ಖರ್ಚಿನ ಚಿಂತೆಯಿದ್ದರೆ ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗ, ಬೆಂಗಳೂರಿನಲ್ಲಾದರೆ ವಿಕ್ಟೋರಿಯಾ ಆಸ್ಪತ್ರೆ ಆವರಣದ ಸರ್ಕಾರಿ ದಂತ ಕಾಲೇಜು, ಉಳಿದೆಡೆ ಹತ್ತಿರದ ಡೆಂಟಲ್ ಕಾಲೇಜಿನ ಹೊರರೋಗಿ ವಿಭಾಗ ಇವೆ. ಕಾಲೇಜುಗಳಲ್ಲಿ ಸಮಯ ಹಿಡಿಯುತ್ತದೆ, ಬೆಳಿಗ್ಗೆಯೇ ಹೋಗಿ ಸರದಿ ಹಿಡಿಯಿರಿ.

ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಸ್ಥಳ ಮರಗಟ್ಟಿಸುವ ಇಂಜೆಕ್ಷನ್ನಿಗೆ ಉಪವಾಸ ಬೇಕಿಲ್ಲ, ಹಸಿದಿದ್ದರೆ ತಲೆಸುತ್ತು ಬರುತ್ತದೆ. ಬಿಪಿ, ಸಕ್ಕರೆ ಮಾತ್ರೆ ಎಂದಿನಂತೆ ತೆಗೆದುಕೊಳ್ಳಿ. ರಕ್ತ ತೆಳುಮಾಡುವ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಹೆಸರು ಹೇಳಿ. ಹೃದಯದ ಕವಾಟ ಬದಲಿಸಿದ್ದರೆ, ಮೂಳೆ ಸವೆತಕ್ಕೆ ಇಂಜೆಕ್ಷನ್ ಪಡೆಯುತ್ತಿದ್ದರೆ ಅದನ್ನೂ ಮೊದಲೇ ತಿಳಿಸಿ. ಮಾತ್ರೆ ನುಂಗಿದ ಸಮಯದ ಚೀಟಿ, ಊತದ ಫೋಟೊ ಜೊತೆಗಿರಲಿ.

ವೈದ್ಯರು ಸಣ್ಣ ಎಕ್ಸ್‌ರೇ ತೆಗೆದು ಬೇರಿನ ತುದಿ ನೋಡುತ್ತಾರೆ. ಹಲ್ಲು ಉಳಿಯುವಂತಿದ್ದರೆ ಮೇಲಿನಿಂದ ಕೊರೆದು ಕೀವಿಗೆ ದಾರಿ ಮಾಡುತ್ತಾರೆ, ಅದು ರೂಟ್ ಕೆನಾಲ್‌ನ ಮೊದಲ ಹೆಜ್ಜೆ. ವಸಡು ಊದಿದ್ದರೆ ಚಿಕ್ಕದಾಗಿ ಸೀಳಿ ಬಸಿಯುತ್ತಾರೆ. ಉಳಿಯದಿದ್ದರೆ ಕೀಳುತ್ತಾರೆ. ಕೀವಿರುವ ಜಾಗ ಆಮ್ಲೀಯವಾದ್ದರಿಂದ ಇಂಜೆಕ್ಷನ್ ಸರಿಯಾಗಿ ಹಿಡಿಯದಿರಬಹುದು. ನೋವಾದರೆ ಕೈ ಎತ್ತಿ ಹೇಳಿ, ಸ್ವಲ್ಪ ದೂರದ ನರಕ್ಕೆ ಕೊಡುವ ಬೇರೆ ವಿಧಾನವಿದೆ.

"ಊತ ಇಳಿಯಲಿ, ಆಮೇಲೆ ಕೀಳಿಸೋಣ" ಎಂದು ಮನೆಯಲ್ಲಿ ಹಿರಿಯರು ತಡೆಯುವುದುಂಟು. ಬಾಯಿ ತೆರೆಯಲು ಆಗುತ್ತಿದ್ದು, ವೈದ್ಯರು ಸರಿ ಎಂದರೆ ಊತವಿರುವಾಗಲೇ ಕಿತ್ತರೂ ತಪ್ಪಿಲ್ಲ, ಕೀವು ಹೋಗಲು ಅದಕ್ಕಿಂತ ದೊಡ್ಡ ದಾರಿ ಇನ್ನೊಂದಿಲ್ಲ. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ ಎಂಬ ಹೆದರಿಕೆಯೂ ಬುಡಮೇಲು. ಕಣ್ಣಿಗೆ ಅಪಾಯ ತರುವುದು ಕೀಳದೆ ಬಿಟ್ಟ ಹಲ್ಲಿನ ಕೀವು. ಕಣ್ಣಿನ ಹಿಂಬದಿಯ ರಕ್ತನಾಳಗಳಿಗೆ ಅದು ಏರಬಲ್ಲದು.

ಕೀವು ಬಸಿದ ದಿನವೇ ಅರ್ಧ ನೋವು ಇಳಿಯಬೇಕು, ಎರಡು ಮೂರು ದಿನದಲ್ಲಿ ಊತ ಕಾಣುವಷ್ಟು ತಗ್ಗಬೇಕು. ಹಾಗಾಗದಿದ್ದರೆ ಮುಂದಿನ ದಿನಾಂಕಕ್ಕೆ ಕಾಯದೆ ಮತ್ತೆ ಹೋಗಿ. ರೂಟ್ ಕೆನಾಲ್ ಶುರು ಮಾಡಿ ತಾತ್ಕಾಲಿಕ ಸಿಮೆಂಟ್ ತುಂಬಿ ಕಳಿಸಿದ್ದರೆ ಅದು ಕೆಲವೇ ವಾರ ತಡೆಯುತ್ತದೆ. ಅರ್ಧಕ್ಕೆ ಬಿಟ್ಟ ಹಲ್ಲು ಸಿಮೆಂಟ್ ಸವೆದ ಮೇಲೆ ಮತ್ತೆ ಕೀವಾಗಿ, ಈ ಸಲ ಸೀಳಿಯೂ ಹೋಗಿರುತ್ತದೆ. ಆಗ ಕೀಳುವುದೊಂದೇ ಉಳಿಯುತ್ತದೆ.